ಯೆಹೂದ್ಯರ ಹಳೆಯ ಸಭಾಮಂದಿರಗಳ ಕೆತ್ತಿದ ಕಲ್ಲುಗಳು: ಪೀಠ, ಮೇಜು, ದೀಪ, ಪೆಟ್ಟಿಗೆ

ಪ್ರಶ್ನೆ: ನಾನು ಉಡುಪಿ ಕಡೆಯವಳು. ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ರಜೆಯಲ್ಲಿ ಚರ್ಚಿನವರ ಜೊತೆ ಗಲಿಲಾಯಕ್ಕೆ ಹೋಗಿದ್ದೆ. ಖೊರಾಜಿನ್‌ನಲ್ಲಿ ಒಂದು ಕಪ್ಪು ಕಲ್ಲಿನ ಕುರ್ಚಿ ಇತ್ತು. "ಇದೇ ಮೋಶೆಯ ಪೀಠ, ಯೇಸು ಹೇಳಿದ್ದು ಇದನ್ನೇ" ಅಂದರು. ಎಲ್ಲರೂ ಅದರ ಮೇಲೆ ಕೂತು ಫೋಟೋ ತೆಗೆಸಿಕೊಂಡರು. ನನಗೆ ಕೂರಲು ಮನಸ್ಸು ಬರಲಿಲ್ಲ. ಮಗ್ದಲದಲ್ಲಿ ಗಿಡ್ಡ ಕಾಲುಗಳ ಮೇಲೆ ನಿಂತ ಕೆತ್ತನೆಯ ಕಲ್ಲು ನೋಡಿದೆವು. ಒಬ್ಬರು ಬಲಿಪೀಠ ಅಂದರು, ಇನ್ನೊಬ್ಬರು ಮೇಜು ಅಂದರು. ವಿಗ್ರಹ ಮಾಡಬಾರದು ಅಂತ ದಶಾಜ್ಞೆಯಲ್ಲೇ ಇದೆಯಲ್ಲ, ಹಾಗಿದ್ದರೆ ಇಷ್ಟೊಂದು ಕೆತ್ತನೆ ಯಾಕೆ? ಈ ಕಲ್ಲುಗಳನ್ನು ಪೂಜೆ ಮಾಡುತ್ತಿದ್ದರಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಪೂಜೆ ಮಾಡುತ್ತಿರಲಿಲ್ಲ. ಸಭಾಮಂದಿರದಲ್ಲಿ ಪ್ರಾಣಿಬಲಿಯೂ ಇರಲಿಲ್ಲ. ಬಲಿ ಮತ್ತು ಯಾಜಕರ ಸೇವೆ ಜೆರುಸಲೇಮಿನ ದೇವಾಲಯಕ್ಕೆ ಸೇರಿದ್ದವು. ಹಾಗಾಗಿ ಮಗ್ದಲದ ಕಲ್ಲನ್ನು ಬಲಿಪೀಠ ಅಂದವರ ಮಾತನ್ನು ಬಿಟ್ಟುಬಿಡಿ.

ಹಾಗಾದರೆ ಸಭಾಮಂದಿರದಲ್ಲಿ ಏನು ನಡೆಯುತ್ತಿತ್ತು? ಇದಕ್ಕೂ ಒಂದು ಕಲ್ಲೇ ಸಾಕ್ಷಿ. 1913-14ರಲ್ಲಿ ಜೆರುಸಲೇಮಿನಲ್ಲಿ ರೇಮಂಡ್ ವೇಲ್ ಎಂಬ ಫ್ರೆಂಚ್ ಪುರಾತತ್ವಜ್ಞರಿಗೆ ಗ್ರೀಕ್ ಭಾಷೆಯ ಶಾಸನವೊಂದು ಸಿಕ್ಕಿತು. ದೇವಾಲಯ ಇನ್ನೂ ನಿಂತಿದ್ದ ಕಾಲದ್ದು ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಥಿಯೊಡೊಟೊಸ್ ಎಂಬ ಯಾಜಕ ಅದರಲ್ಲಿ ತನ್ನನ್ನು ಸಭಾಮಂದಿರದ ಮುಖ್ಯಸ್ಥ ಎಂದು ಕರೆದುಕೊಳ್ಳುತ್ತಾನೆ. ಅವನ ಅಪ್ಪ, ಅಜ್ಜ ಇಬ್ಬರೂ ಅದೇ ಕೆಲಸದಲ್ಲಿದ್ದವರು. ಈ ಕಟ್ಟಡ ಯಾಕೆ ಕಟ್ಟಿಸಿದೆ ಅನ್ನುವುದನ್ನೂ ಹೇಳುತ್ತಾನೆ: ಧರ್ಮಶಾಸ್ತ್ರ ಓದುವುದಕ್ಕೆ, ಆಜ್ಞೆಗಳನ್ನು ಕಲಿಸುವುದಕ್ಕೆ. ಜೊತೆಗೆ ದೂರದಿಂದ ಬಂದವರಿಗೆ ಉಳಿಯಲು ಕೋಣೆ, ನೀರಿನ ವ್ಯವಸ್ಥೆ. ಬಲಿಯ ಮಾತೇ ಅದರಲ್ಲಿ ಇಲ್ಲ.

ಓದುವುದು ಅಂದರೆ ತೋರಾ, ಅಂದರೆ ಮೋಶೆಯ ಐದು ಪುಸ್ತಕಗಳ, ಸುರುಳಿಯನ್ನು ಎಲ್ಲರ ಮುಂದೆ ಬಿಚ್ಚಿ ಗಟ್ಟಿಯಾಗಿ ಓದುವುದು. ನೀವು ನೋಡಿದ ಕಲ್ಲುಗಳನ್ನು ಅರ್ಥ ಮಾಡಿಕೊಳ್ಳಲು ಇದೊಂದು ವಿಷಯ ನೆನಪಿನಲ್ಲಿದ್ದರೆ ಸಾಕು. ಯಾವ ಕಲ್ಲು ನೋಡಿದರೂ ಒಂದು ಪ್ರಶ್ನೆ ಕೇಳಿ: ಇದು ಸುರುಳಿಯಿಂದ ಎಷ್ಟು ದೂರದಲ್ಲಿತ್ತು?

ಈ ಅಳತೆಗೋಲು ನಾನು ಹುಟ್ಟಿಸಿದ್ದಲ್ಲ. ಸುಮಾರು ಕ್ರಿ.ಶ. 200ರ ಹೊತ್ತಿಗೆ ಒಟ್ಟುಗೂಡಿದ ಯೆಹೂದ್ಯರ ಕಾನೂನು ಗ್ರಂಥ ಮಿಶ್ನಾದಲ್ಲೇ ಇದೆ. ಊರಿನ ಚೌಕವನ್ನು ಮಾರಿದರೆ ಆ ದುಡ್ಡಿನಲ್ಲಿ ಸಭಾಮಂದಿರ ಕೊಳ್ಳಬಹುದು. ಸಭಾಮಂದಿರ ಮಾರಿದರೆ ಸುರುಳಿ ಇಡುವ ಪೆಟ್ಟಿಗೆ ಕೊಳ್ಳಬಹುದು. ಪೆಟ್ಟಿಗೆ ಮಾರಿದರೆ ಸುರುಳಿಗೆ ಸುತ್ತುವ ಬಟ್ಟೆ, ಬಟ್ಟೆ ಮಾರಿದರೆ ಇತರ ಗ್ರಂಥಗಳು, ಗ್ರಂಥ ಮಾರಿದರೆ ತೋರಾ. ಮೇಲಿನಿಂದ ಕೆಳಗೆ ಇಳಿಯುವಂತಿಲ್ಲ. ತೋರಾ ಮಾರಿ ಕಟ್ಟಡ ಕೊಳ್ಳುವ ಹಾಗಿಲ್ಲ. ಗಮನಿಸಿ, ಇಡೀ ಕಟ್ಟಡಕ್ಕಿಂತ ಒಂದು ತುಂಡು ಬಟ್ಟೆಗೆ ಬೆಲೆ ಜಾಸ್ತಿ! ಯಾಕೆ? ಅದು ಸುರುಳಿಯನ್ನು ಮುಟ್ಟುತ್ತದೆ. ಪಾವಿತ್ರ್ಯ ಅಲ್ಲಿಂದ ಹೊರಟು, ದೂರ ಹೋದ ಹಾಗೆ ಕಡಿಮೆಯಾಗುತ್ತದೆ. ಕಲ್ಲು ಎಷ್ಟು ಚೆನ್ನಾಗಿದೆ, ಎಷ್ಟು ದುಬಾರಿ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ.

ಈಗ ಕುರ್ಚಿಗೆ ಬರೋಣ.

ಖೊರಾಜಿನ್ ಕಪೆರ್ನೌಮಿನಿಂದ ಕೆಲವೇ ಕಿಲೋಮೀಟರ್ ಉತ್ತರಕ್ಕಿದೆ. ಅಲ್ಲಿನ ನೆಲವೇ ಕಪ್ಪು ಕಲ್ಲು, ಅಂದರೆ ಬಸಾಲ್ಟ್. ಮನೆ, ಬೀದಿ, ಸಭಾಮಂದಿರ ಎಲ್ಲ ಅದರಲ್ಲೇ ಕಟ್ಟಿದ್ದು. ಬಸಾಲ್ಟ್ ಗಟ್ಟಿ ಕಲ್ಲು, ಉಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಅಂಥ ಒಂದೇ ಬಂಡೆಯಿಂದ ಬೆನ್ನು, ಕೈ, ಆಸನ ಎಲ್ಲ ಸೇರಿದ ಕುರ್ಚಿ ಕೆತ್ತಿದ್ದಾರೆ. ಬೆನ್ನಿನ ಮೇಲೆ ವೃತ್ತದೊಳಗೆ ಒಂದು ಹೂವಿದೆ. ಆಸನದ ಮುಂಭಾಗದಲ್ಲಿ ಅರಮಾಯಿಕ್ ಭಾಷೆಯ ನಾಲ್ಕು ಸಾಲಿನ ಬರಹವಿದೆ. 1926ರಲ್ಲಿ ಸಭಾಮಂದಿರದ ಅವಶೇಷಗಳ ನಡುವೆ ಇದು ಸಿಕ್ಕಿತು. ಮೂಲ ಕುರ್ಚಿ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿದೆ. ನೀವು ಕಂಡಿದ್ದು ಅದರ ನಕಲು. ಆದ್ದರಿಂದ ನಿಮ್ಮ ಜೊತೆಗಿದ್ದವರು ಕೂತಿದ್ದರಲ್ಲಿ ತಪ್ಪೇನಿಲ್ಲ. ನಿಮಗೆ ಮನಸ್ಸು ಬರಲಿಲ್ಲ ಅಂದಿರಲ್ಲ, ಆ ಸಂಕೋಚವೂ ನನಗೆ ಇಷ್ಟವಾಯಿತು.

ಯೇಸು ಹೇಳಿದ್ದು ಇದೇ ಕುರ್ಚಿಯನ್ನಾ? ಅಲ್ಲ. ಶಾಸ್ತ್ರಿಗಳು ಮತ್ತು ಫರಿಸಾಯರು ಮೋಶೆಯ ಪೀಠದಲ್ಲಿ ಕೂತಿದ್ದಾರೆ ಎಂಬ ಮಾತು ಮತ್ತಾಯನ ಸುವಾರ್ತೆಯ 23ನೇ ಅಧ್ಯಾಯದಲ್ಲಿದೆ. ಖೊರಾಜಿನ್ ಸಭಾಮಂದಿರ ಯೇಸುವಿನ ಕಾಲಕ್ಕಿಂತ ಶತಮಾನಗಳ ನಂತರದ್ದು. ಸಾಮಾನ್ಯವಾಗಿ 3 ಅಥವಾ 4ನೇ ಶತಮಾನ ಅನ್ನುತ್ತಾರೆ. ಯೇಸುವಿನ ಕಾಲದಲ್ಲಿ ಅಂಥದ್ದೊಂದು ಕುರ್ಚಿ ನಿಜವಾಗಿ ಇತ್ತೋ, ಅಥವಾ ಆ ಮಾತು ಮೋಶೆಯ ಹೆಸರಿನಲ್ಲಿ ಕಲಿಸುವ ಅಧಿಕಾರವನ್ನು ಸೂಚಿಸುವ ನುಡಿಯೋ ಅಂತ ವಿದ್ವಾಂಸರು ಇನ್ನೂ ಚರ್ಚೆ ಮಾಡುತ್ತಿದ್ದಾರೆ. ಆದರೆ ಹೆಸರು ಸುವಾರ್ತೆಯೊಂದರಲ್ಲೇ ಇರುವುದಲ್ಲ. 4ನೇ ಶತಮಾನದ ಯೆಹೂದಿ ಧರ್ಮಗುರು ರಬ್ಬಿ ಅಹಾ ಅವರ ಹೆಸರಿನಲ್ಲಿ ಒಂದು ಮಾತು ಉಳಿದಿದೆ. ಸೊಲೊಮೋನನ ಸಿಂಹಾಸನ ಹೇಗಿತ್ತು ಅಂತ ವಿವರಿಸುವಾಗ "ಮೋಶೆಯ ಪೀಠದ ಹಾಗೆ" ಅನ್ನುತ್ತಾರೆ. ಕೇಳುಗರಿಗೆ ಅದು ಕಂಡು ಗೊತ್ತಿದ್ದ ವಸ್ತು ಆಗಿರಬೇಕು, ಇಲ್ಲದಿದ್ದರೆ ಹಾಗೆ ಹೇಳಿ ಏನು ಪ್ರಯೋಜನ?

ಆ ನಾಲ್ಕು ಸಾಲನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅದರ ಸಾರ ಇಷ್ಟು: ಇಷ್ಮಾಯೇಲನ ಮಗ ಯೂದಾನನನ್ನು ಒಳ್ಳೆಯದಕ್ಕಾಗಿ ನೆನೆಯಲಿ, ಈ ಕಂಬಸಾಲನ್ನೂ ಅದರ ಮೆಟ್ಟಿಲನ್ನೂ ಅವನು ತನ್ನ ಆಸ್ತಿಯಿಂದ ಮಾಡಿಸಿದ, ಅವನಿಗೆ ನೀತಿವಂತರ ಜೊತೆ ಪಾಲು ಸಿಗಲಿ. ಅಂದರೆ ಇದೊಂದು ದಾನಶಾಸನ. ಅದರಲ್ಲಿ ಮೋಶೆಯ ಹೆಸರಿಲ್ಲ. ಕುರ್ಚಿಯ ಮಾತೂ ಇಲ್ಲ! ಅವನು ಮಾಡಿಸಿದ್ದು ಕಂಬಸಾಲು ಮತ್ತು ಮೆಟ್ಟಿಲು, ಬರೆಸಿದ್ದು ಕುರ್ಚಿಯ ಮೇಲೆ. ಯಾಕಿರಬಹುದು? ಎಲ್ಲರ ಕಣ್ಣು ಹೋಗುವ ಜಾಗ ಅದೇ ಅನ್ನುವುದು ನನಗೆ ಸರಿ ಕಾಣುತ್ತದೆ. ಓದು ನಡೆಯುವಾಗ ಜನ ಎತ್ತ ಮುಖ ಮಾಡಿ ಕೂರುತ್ತಿದ್ದರೋ ಅತ್ತಲೇ ಕುರ್ಚಿ ಇದ್ದಿರಬೇಕು.

ಅದರ ಮೇಲೆ ಯಾರು ಕೂರುತ್ತಿದ್ದರು? ಹೆಚ್ಚು ಜನ ಒಪ್ಪುವ ಉತ್ತರ: ಊರಿನ ಹಿರಿಯ ಬೋಧಕ ಅಥವಾ ಸಭೆಯ ಮುಖ್ಯಸ್ಥ. ಆಗಿನ ಪದ್ಧತಿಯಲ್ಲಿ ನಿಂತು ಓದಿ, ಕೂತು ಬೋಧಿಸುತ್ತಿದ್ದರು. ಲೂಕನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಯೇಸು ನಜರೇತಿನಲ್ಲಿ ಮಾಡಿದ್ದೂ ಹೀಗೆಯೇ. ನಿಂತು ಓದಿದ, ಸುರುಳಿ ಸುತ್ತಿ ಕೊಟ್ಟ, ಕೂತುಕೊಂಡ, ಆಮೇಲೆ ಮಾತಾಡಿದ. ಇನ್ನೊಂದು ಅಭಿಪ್ರಾಯವೂ ಇದೆ. ಈ ಪೀಠ ಮನುಷ್ಯರಿಗಲ್ಲ, ಸುರುಳಿಯನ್ನೇ ಇಡುವುದಕ್ಕೆ ಅಂತ. ಅದಕ್ಕೆ ಆಧಾರ ಬಹಳ ದೂರದ್ದು. ಚೀನಾದ ಕೈಫೆಂಗ್ ಊರಿನ ಯೆಹೂದ್ಯರು ಓದುವಾಗ ತೋರಾವನ್ನು "ಮೋಶೆಯ ಪೀಠ"ದ ಮೇಲೆ ಇಡುತ್ತಿದ್ದರು ಎಂದು ಅಲ್ಲಿಗೆ ಹೋದ ಜೆಸ್ವಿಟ್ ಪಾದ್ರಿಗಳು ಬರೆದಿಟ್ಟಿದ್ದಾರೆ. ಆದರೆ ಗಲಿಲಾಯಕ್ಕೂ ಕೈಫೆಂಗಿಗೂ ನಡುವೆ ಸಾವಿರಕ್ಕೂ ಹೆಚ್ಚು ವರ್ಷಗಳಿವೆ. ಅಷ್ಟು ದೂರದ ಪದ್ಧತಿಯನ್ನು ಹಿಂದಕ್ಕೆ ಎಳೆದು ತಂದು ಖೊರಾಜಿನ್ ಕುರ್ಚಿಗೆ ಕಟ್ಟುವುದು ಕಷ್ಟ. ನಾನು ಬೋಧಕನ ಕುರ್ಚಿ ಅನ್ನುವವರ ಕಡೆ.

ಇಂಥ ಕಲ್ಲಿನ ಆಸನ ತಿಬೇರಿಯದ ಹತ್ತಿರದ ಹಮ್ಮತ್ ತಿಬೇರಿಯಾದಲ್ಲೂ ಸಿಕ್ಕಿದೆ. ಗ್ರೀಸಿನ ದೆಲೋಸ್ ದ್ವೀಪದಲ್ಲಿ ಅಮೃತಶಿಲೆಯ ಚೆಂದದ ಆಸನವೊಂದಿದೆ. ಆ ಕಟ್ಟಡ ಸಭಾಮಂದಿರವೇ ಹೌದಾ ಅನ್ನುವ ವಾದ ಇನ್ನೂ ಮುಗಿದಿಲ್ಲ.

ಮಗ್ದಲದ ಕಲ್ಲಿನ ವಿಷಯ ಬೇರೆ. ಅದು ಯೇಸುವಿನ ಕಾಲದ್ದೇ.

2009ರಲ್ಲಿ ಗಲಿಲಾಯ ಸಮುದ್ರದ ಪಶ್ಚಿಮ ದಡದಲ್ಲಿ ಯಾತ್ರಿಕರಿಗಾಗಿ ವಸತಿಗೃಹ ಕಟ್ಟಲು ಹೊರಟಿದ್ದರು. ಕಟ್ಟುವ ಮೊದಲು ಅಗೆದು ನೋಡಬೇಕು ಅನ್ನುವುದು ಅಲ್ಲಿನ ಕಾನೂನು. ಇಸ್ರೇಲ್ ಪುರಾತತ್ವ ಪ್ರಾಧಿಕಾರದ ದೀನಾ ಅವ್ಶಲೋಮ್-ಗೋರ್ನಿ ಮತ್ತು ಅರ್ಫಾನ್ ನಜ್ಜಾರ್ ಅಗೆದಾಗ 1ನೇ ಶತಮಾನದ ಸಭಾಮಂದಿರ ಸಿಕ್ಕಿತು. ಸುತ್ತ ಗೋಡೆಗೆ ತಾಗಿ ಕಲ್ಲಿನ ಜಗಲಿ, ಬಣ್ಣ ಬಳಿದ ಗೋಡೆ, ಮೊಸಾಯಿಕ್ ನೆಲ. ಕ್ರಿ.ಶ. 29ರಲ್ಲಿ ತಿಬೇರಿಯದಲ್ಲಿ ಟಂಕಿಸಿದ ನಾಣ್ಯವೂ ಸಿಕ್ಕಿತು. ಸಭಾಂಗಣದೊಳಗೇ ಈ ಕಲ್ಲಿತ್ತು.

ಕಲ್ಲು ದೊಡ್ಡದೇನಲ್ಲ. ಸುಮಾರು 60 ಸೆಂಟಿಮೀಟರ್ ಉದ್ದ, 50 ಅಗಲ, 40 ಎತ್ತರ. ಕೆಳಗೆ ನಾಲ್ಕು ಮೋಟು ಕಾಲು. ಮುಂದಿನ ಮುಖದಲ್ಲಿ ಏಳು ಕೊಂಬೆಗಳ ದೀಪಸ್ತಂಭ, ಅಂದರೆ ಮೆನೋರಾ. ಅದರ ಎಡಬಲಕ್ಕೆ ಎರಡು ಹಿಡಿಯ ಹೂಜಿಗಳು, ಅಂಚಿನಲ್ಲಿ ಕಂಬಗಳು. ಉದ್ದದ ಎರಡು ಬದಿಗಳಲ್ಲಿ ಸಾಲು ಕಮಾನು. ಮೇಲ್ಭಾಗದಲ್ಲಿ ಆರು ಎಸಳಿನ ಹೂವು. ಹಿಂಬದಿಯಲ್ಲಿ ಕಂಬಗಳು, ಚಕ್ರದಂಥ ಎರಡು ವೃತ್ತಗಳು.

ಈ ಮೆನೋರಾ ಯಾಕೆ ಅಷ್ಟು ಮುಖ್ಯ ಅಂದರೆ, ಇದನ್ನು ಕೆತ್ತುವಾಗ ನಿಜವಾದ ಮೆನೋರಾ ಜೆರುಸಲೇಮಿನ ದೇವಾಲಯದಲ್ಲಿ ಇತ್ತು. ಕ್ರಿ.ಶ. 70ರಲ್ಲಿ ರೋಮನರು ದೇವಾಲಯ ಸುಟ್ಟರು. ಅದಾದ ಮೇಲೆ ಮೆನೋರಾ ಎಲ್ಲೆಡೆ ಕಾಣಿಸುತ್ತದೆ, ನೆನಪಿನ ಗುರುತಾಗಿ. ಅದಕ್ಕಿಂತ ಮೊದಲಿನವು ಬಹಳ ಅಪರೂಪ. ಸಭಾಮಂದಿರದೊಳಗೆ ಸಿಕ್ಕಿದ ಅಷ್ಟು ಹಳೆಯದು ಇದು. ಕೆತ್ತಿದವನೋ ಮಾಡಿಸಿದವನೋ ಜೆರುಸಲೇಮಿಗೆ ಹೋಗಿಬಂದವನಿರಬಹುದು ಅನ್ನುವ ಊಹೆ ಇದೆ. ನಂಬಬಹುದಾದ ಊಹೆ ಅನ್ನುತ್ತೇನೆ, ಅದಕ್ಕಿಂತ ಜಾಸ್ತಿ ಹೇಳಲಾರೆ.

ಹೀಬ್ರೂ ವಿಶ್ವವಿದ್ಯಾಲಯದ ರೀನಾ ತಲ್ಗಾಮ್ ಈ ಕಲ್ಲನ್ನು ಇಡೀ ದೇವಾಲಯದ ಪುಟ್ಟ ರೂಪವಾಗಿ ಓದಿದ್ದಾರೆ. ಮುಂದಿನ ಮುಖ ದೇವಾಲಯದ ಒಳಕೋಣೆ, ಹಿಂದಿನದು ಅತಿ ಪವಿತ್ರ ಸ್ಥಳ, ಆ ಚಕ್ರಗಳು ಯೆಹೆಜ್ಕೇಲ ಪ್ರವಾದಿ ಕಂಡ ದೇವರ ರಥದ ಚಕ್ರಗಳು. ಮನಸ್ಸಿಗೆ ಹಿಡಿಸುವ ಓದು. ಆದರೆ ಎಲ್ಲರೂ ಒಪ್ಪಿಲ್ಲ. ಆರೆಸಳಿನ ಹೂವು ಆ ಕಾಲದ ಜೆರುಸಲೇಮಿನಲ್ಲಿ ಸತ್ತವರ ಎಲುಬು ಇಡುವ ಕಲ್ಲಿನ ಪೆಟ್ಟಿಗೆಗಳ ಮೇಲೂ ಧಾರಾಳವಾಗಿ ಸಿಗುತ್ತದೆ. ಅಲ್ಲಿ ಬರೀ ಅಲಂಕಾರವಾಗಿದ್ದದ್ದು ಇಲ್ಲಿ ಗೂಢಾರ್ಥ ಹೇಗಾಯಿತು ಅಂತ ಕೇಳುವವರಿದ್ದಾರೆ. ಮೆನೋರಾ, ಹೂಜಿ, ಕಂಬ ಇವು ದೇವಾಲಯವನ್ನು ನೆನಪಿಸುತ್ತವೆ ಅನ್ನುವವರೆಗೆ ನಾನು ಧೈರ್ಯವಾಗಿ ಬರುತ್ತೇನೆ. ಹಿಂಬದಿಯ ಚಕ್ರದ ವಿಷಯದಲ್ಲಿ ಅಷ್ಟು ಧೈರ್ಯ ಸಾಲದು.

ಉಪಯೋಗ ಏನಿತ್ತು? ಇಲ್ಲಿ ಕಲ್ಲಿನ ಆಕಾರವೇ ಸ್ವಲ್ಪ ಹೇಳುತ್ತದೆ. 40 ಸೆಂಟಿಮೀಟರ್ ಎತ್ತರ ನಿಂತು ಓದುವವರಿಗೆ ತೀರಾ ತಗ್ಗು, ಮೊಣಕಾಲಿಗೂ ಬಾರದು. ಮೇಲ್ಭಾಗ ಸಪಾಟಾಗಿಲ್ಲ, ಉಬ್ಬು ಕೆತ್ತನೆ ತುಂಬಿದೆ. ಅದರ ಮೇಲೆ ಸುರುಳಿಯನ್ನು ನೇರವಾಗಿ ಬಿಡಿಸಿಟ್ಟು ಓದುವುದು ಕಷ್ಟ. ಆದ್ದರಿಂದ ಮರದ ಚೌಕಟ್ಟು ಅಥವಾ ಓದುವ ಮೇಜನ್ನು ಇದರ ಮೇಲೆ ನಿಲ್ಲಿಸುತ್ತಿದ್ದರು, ಕಲ್ಲು ಅದಕ್ಕೆ ಬುಡ ಅನ್ನುವವರ ಮಾತು ನನಗೆ ಹೆಚ್ಚು ಸರಿ ಅನಿಸುತ್ತದೆ. ನಮ್ಮಲ್ಲಿ ಗ್ರಂಥ ಪಾರಾಯಣಕ್ಕೆ ವ್ಯಾಸಪೀಠ ಇಡುತ್ತಾರಲ್ವಾ, ಕೆಲಸದ ಮಟ್ಟಿಗೆ ಅದಕ್ಕೆ ಹತ್ತಿರದ್ದು. ಓದುವವನು ಜೆರುಸಲೇಮಿನಿಂದ ದೂರ, ಮೀನುಗಾರರ ಊರಿನಲ್ಲಿ ನಿಂತಿದ್ದಾನೆ. ಸುರುಳಿಯ ಕೆಳಗೆ ದೇವಾಲಯದ ಚಿತ್ರ ಇದೆ. ಮಾಡಿಸಿದವರ ಮನಸ್ಸಿನಲ್ಲಿ ಏನಿತ್ತು ಅನ್ನುವುದಕ್ಕೆ ಇಷ್ಟು ಸಾಕು ಅನಿಸುತ್ತದೆ. ಅಂದಹಾಗೆ, ಅದೇ ಊರಿನಲ್ಲಿ ಅದೇ ಕಾಲದ ಎರಡನೇ ಸಭಾಮಂದಿರ ಸಿಕ್ಕಿದ ಸುದ್ದಿ 2021ರಲ್ಲಿ ಹೊರಬಂತು.

ಸುರುಳಿಗೆ ಎಲ್ಲಕ್ಕಿಂತ ಹತ್ತಿರದ ಕಲ್ಲು ನಿಮ್ಮ ಪ್ರವಾಸದಲ್ಲಿ ಬಂದಿಲ್ಲ. ಅದು ಸುರುಳಿ ಇಡುವ ಪೆಟ್ಟಿಗೆಯ, ಅಥವಾ ಗೂಡಿನ, ಮೇಲ್ಚಾವಣಿ. (ದಶಾಜ್ಞೆಯ ಹಲಗೆಗಳಿದ್ದ ಒಡಂಬಡಿಕೆಯ ಮಂಜೂಷ ಬೇರೆ, ಇದು ಬೇರೆ.) ಮೊದಮೊದಲು ಸುರುಳಿಗಳನ್ನು ಮರದ ಪೆಟ್ಟಿಗೆಯಲ್ಲಿ ತಂದು, ಓದಿ, ಒಯ್ಯುತ್ತಿದ್ದರು. ಆಮೇಲೆ ಜೆರುಸಲೇಮಿನ ಕಡೆಯ ಗೋಡೆಗೆ ತಾಗಿ ಅದಕ್ಕೆ ಕಾಯಂ ಜಾಗ ಬಂತು. ಗಲಿಲಾಯದಲ್ಲಿ ಅದು ದಕ್ಷಿಣದ ಗೋಡೆ.

1981ರಲ್ಲಿ ಮೇಲಿನ ಗಲಿಲಾಯದ ನಬ್ರತೈನ್ ಎಂಬಲ್ಲಿ ಎರಿಕ್ ಮೇಯರ್ಸ್ ಮತ್ತು ಕ್ಯಾರಲ್ ಮೇಯರ್ಸ್ ದಂಪತಿಯ ತಂಡ ಅಗೆಯುತ್ತಿತ್ತು. ಸಭಾಮಂದಿರದ ಓದುವ ಕಟ್ಟೆಯ ಒಳಗೆ ಒಂದು ದೊಡ್ಡ ಸುಣ್ಣದಕಲ್ಲು ಸಿಕ್ಕಿತು. ತಿರುಗಿಸಿ ನೋಡಿದರೆ ತ್ರಿಕೋನದ ಮುಂಚಾವಣಿ, ಅದರ ಇಳಿಜಾರಿನ ಮೇಲೆ ಎದುರುಬದುರಾಗಿ ಎರಡು ಸಿಂಹ, ಕೆಳಗೆ ಚಿಪ್ಪಿನ ಆಕಾರ. ಚಿಪ್ಪಿನ ಬಳಿ ಒಂದು ತೂತು. ಆ ತೂತೇ ನನಗೆ ಎಲ್ಲಕ್ಕಿಂತ ಇಷ್ಟ. ಅದು ದೀಪದ ಸರಪಳಿ ಹಾಯಿಸಲು ಮಾಡಿದ್ದು. ಬೆತ್ ಆಲ್ಫಾದ 6ನೇ ಶತಮಾನದ ಮೊಸಾಯಿಕ್ ನೆಲದಲ್ಲಿ ಇದೇ ಚಿತ್ರವಿದೆ: ಪೆಟ್ಟಿಗೆ, ಮೇಲೆ ತ್ರಿಕೋನ, ಅದರಿಂದ ಇಳಿಬಿದ್ದ ದೀಪ, ಎರಡೂ ಕಡೆ ಸಿಂಹ, ಮೆನೋರಾ. ಬಣ್ಣದ ಚೂರಿನಲ್ಲಿ ಕಂಡದ್ದು ಕಲ್ಲಿನಲ್ಲೂ ಸಿಕ್ಕಿತು. ನಬ್ರತೈನ್ ಕಲ್ಲು 3ನೇ ಶತಮಾನದ್ದು.

ಅಷ್ಟು ಚೆಂದದ ಕಲ್ಲು ಕಟ್ಟೆಯೊಳಗೆ ಯಾಕೆ ಹೋಯಿತು? ಕಟ್ಟಡ ಹಾಳಾಗಿ ಮತ್ತೆ ಕಟ್ಟುವಾಗ ಒಡೆದ ಚಾವಣಿಯನ್ನು ಹೊಸ ಕಟ್ಟೆಗೆ ಸೇರಿಸಿದ್ದಾರೆ. ಸುಮ್ನೆ ಕಲ್ಲು ಉಳಿಸಲು ಹಾಗೆ ಮಾಡಿದರು ಅನ್ನಬಹುದು. ಆದರೆ ಮಿಶ್ನಾದ ಮೆಟ್ಟಿಲು ನೆನಪಿಸಿಕೊಳ್ಳಿ. ಸುರುಳಿಗೆ ಹತ್ತಿರವಿದ್ದ ವಸ್ತುವನ್ನು ಬೀದಿಗೆ ಎಸೆಯುವಂತಿಲ್ಲ, ಮನೆಯ ಹೊಸ್ತಿಲಿಗೆ ಹಾಕುವಂತಿಲ್ಲ. ಓದುವ ಕಟ್ಟೆಯೊಳಗೆ ಇಟ್ಟರೆ ಅದು ಸುರುಳಿಯ ಬಳಿಯಲ್ಲೇ ಉಳಿಯುತ್ತದೆ.

ಇದೇ ಮನೋಭಾವದಿಂದ ನಮ್ಮ ಕರಾವಳಿಗೂ ಒಂದು ಲಾಭ ಆಗಿದೆ. ಬರಹವಿದ್ದ ಕಾಗದವನ್ನು ಎಸೆಯಬಾರದು ಅಂತ ಕೈರೋದ ಬೆನ್ ಎಜ್ರಾ ಸಭಾಮಂದಿರದವರು ಹಳೆಯ ಕಾಗದಗಳನ್ನೆಲ್ಲ ಒಂದು ಕೋಣೆಯಲ್ಲಿ ತುಂಬಿಡುತ್ತಾ ಬಂದರು. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿ, ಹಿತ್ತಾಳೆ ಪಾತ್ರೆಗಳ ಕಾರ್ಖಾನೆ ನಡೆಸಿದ ಯೆಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ಉಳಿದದ್ದು ಆ ರಾಶಿಯಲ್ಲೇ.

ಇನ್ನು ದೀಪ. 1921ರಲ್ಲಿ ಹಮ್ಮತ್ ತಿಬೇರಿಯಾದಲ್ಲಿ ನಹೂಮ್ ಸ್ಲೌಷ್ ಅಗೆದಾಗ ಸುಣ್ಣದಕಲ್ಲಿನ ಮೆನೋರಾ ಸಿಕ್ಕಿತು. ಇದು ಮಗ್ದಲದ ಹಾಗೆ ಕಲ್ಲಿನ ಮೇಲಿನ ಚಿತ್ರವಲ್ಲ. ಕಲ್ಲೇ ಮೆನೋರಾ. ಸುಮಾರು 46 ಸೆಂಟಿಮೀಟರ್ ಎತ್ತರ, 60 ಅಗಲದ ಹಲಗೆಯಂಥ ಕಲ್ಲು. ಕೊಂಬೆಗಳನ್ನು ದಾಳಿಂಬೆ, ಹೂವಿನ ಬಟ್ಟಲು, ಮತ್ತೆ ದಾಳಿಂಬೆ ಹೀಗೆ ಪೋಣಿಸಿದ ಹಾಗೆ ಕೆತ್ತಿದ್ದಾರೆ. ವಿಮೋಚನಕಾಂಡದ 25ನೇ ಅಧ್ಯಾಯದಲ್ಲಿ ದೀಪಸ್ತಂಭಕ್ಕೆ ಮೊಗ್ಗು, ಹೂವು, ಬಟ್ಟಲು ಇರಬೇಕು ಅಂತ ಹೇಳಿದೆಯಲ್ಲ, ಕೆತ್ತುವವನ ತಲೆಯಲ್ಲಿ ಆ ಮಾತುಗಳಿದ್ದವು. ಮೇಲಂಚಿನಲ್ಲಿ ಏಳು ತೋಡುಗಳಿವೆ. ಪುಟ್ಟ ಹಣತೆಗಳನ್ನು ಅಲ್ಲಿ ಕೂರಿಸಬಹುದು. ನೋಡುವುದಕ್ಕಷ್ಟೇ ಅಲ್ಲ, ಉರಿಸುವುದಕ್ಕೂ ಮಾಡಿದ್ದು.

ಮಿಶ್ನಾಕ್ಕೆ ಯೆಹೂದಿ ಗುರುಗಳು ಕೊಟ್ಟ ದೊಡ್ಡ ವಿವರಣೆಗೆ ತಾಲ್ಮೂದ್ ಅನ್ನುತ್ತಾರೆ. ಬಾಬಿಲೋನಿನ ತಾಲ್ಮೂದ್‌ನಲ್ಲಿ ಇದಕ್ಕೆ ಅಡ್ಡ ಬರುವ ನಿಯಮ ಇದೆ. ದೇವಾಲಯದಲ್ಲಿದ್ದ ಹಾಗೆ ಏಳು ಕೊಂಬೆಯ ದೀಪ ಮಾಡಬಾರದು. ಐದು, ಆರು, ಎಂಟು ಆಗಬಹುದು. ಆದರೂ ಏಳೇ ಕೆತ್ತಿದರು, ಹಮ್ಮತ್ ತಿಬೇರಿಯಾದಲ್ಲಿ ಮಾತ್ರ ಅಲ್ಲ. ತುರ್ಕಿಯ ಸಾರ್ದಿಸ್‌ನಲ್ಲಿ "ಸೊಕ್ರಟೆಸ್" ಅಂತ ಗ್ರೀಕಿನಲ್ಲಿ ಹೆಸರು ಕೊರೆದ ಅಮೃತಶಿಲೆಯ ಮೆನೋರಾ ಇದೆ. ಹೆಬ್ರೋನಿನ ದಕ್ಷಿಣದ ಮಾಓನ್‌ನಲ್ಲೂ ಅಮೃತಶಿಲೆಯ ಮೆನೋರಾದ ತುಂಡುಗಳು ಸಿಕ್ಕಿವೆ. ಪುಸ್ತಕದ ನಿಯಮ ಓದಿ ಕಲ್ಲು ಹೀಗೇ ಇದ್ದಿರಬೇಕು ಅಂತ ತೀರ್ಮಾನ ಮಾಡಬಾರದು ಅಂತ ನಾನು ಹೇಳುವುದು ಇದಕ್ಕೇ.

ಇದು ನಿಮ್ಮ ಇನ್ನೊಂದು ಪ್ರಶ್ನೆಗೂ ದಾರಿ ಮಾಡಿಕೊಡುತ್ತದೆ: ವಿಗ್ರಹ ಬೇಡ ಅಂದವರು ಸಿಂಹ, ಹದ್ದು ಹೇಗೆ ಕೆತ್ತಿದರು? ಖೊರಾಜಿನ್‌ನಲ್ಲಿ ನೀವು ಸರಿಯಾಗಿ ನೋಡಿದ್ದರೆ ದ್ರಾಕ್ಷಿ ಕೊಯ್ಯುವ ಮನುಷ್ಯರು, ಗ್ರೀಕರ ಕಥೆಯ ಹಾವುಗೂದಲಿನ ಮೆದೂಸಾಳ ತಲೆಯಂಥದ್ದೂ ಕಂಡಿರುತ್ತದೆ. ಆಗಿನ ಯೆಹೂದ್ಯರೂ ಈ ಬಗ್ಗೆ ಯೋಚಿಸಿದ್ದರು. ರಬ್ಬಿ ಯೋಹಾನಾನರ ಕಾಲದಲ್ಲಿ, ಅಂದರೆ 3ನೇ ಶತಮಾನದಲ್ಲಿ, ಜನ ಗೋಡೆಗಳ ಮೇಲೆ ಚಿತ್ರ ಬರೆಸಲು ಶುರು ಮಾಡಿದರು, ಅವರು ತಡೆಯಲಿಲ್ಲ ಅನ್ನುತ್ತದೆ ಜೆರುಸಲೇಮಿನ ತಾಲ್ಮೂದ್. ಇನ್ನೂ ಸ್ಪಷ್ಟವಾದ ಮಾತು ಯಾಜಕಕಾಂಡದ ಒಂದು ಅರಮಾಯಿಕ್ ಅನುವಾದದಲ್ಲಿದೆ. ಚಿತ್ರವಿರುವ ಕಲ್ಲಿಗೆ ಅಡ್ಡಬೀಳಬೇಡಿ ಎಂಬ 26ನೇ ಅಧ್ಯಾಯದ ಆಜ್ಞೆಯನ್ನು ಹೇಳಿ, ಅನುವಾದಕ ತನ್ನದೊಂದು ಮಾತು ಸೇರಿಸುತ್ತಾನೆ: ನಿಮ್ಮ ಪವಿತ್ರ ಸ್ಥಳಗಳ ನೆಲದಲ್ಲಿ ರೂಪಗಳಿರುವ ಕಲ್ಲುಹಾಸು ಹಾಕಬಹುದು, ಅದನ್ನು ಪೂಜಿಸುವಂತಿಲ್ಲ. ಗೆರೆ ಎಲ್ಲಿ ಎಳೆದರು ನೋಡಿ. ಕೆತ್ತುವುದರಲ್ಲಿ ಅಲ್ಲ, ಅಡ್ಡಬೀಳುವುದರಲ್ಲಿ.

ಎಲ್ಲರೂ ಎಲ್ಲ ಕಾಲಕ್ಕೂ ಹೀಗೆ ಉದಾರವಾಗಿರಲಿಲ್ಲ. ಕಪೆರ್ನೌಮಿನಲ್ಲಿ ಪ್ರಾಣಿ ಮತ್ತು ಮನುಷ್ಯರ ಆಕಾರಗಳನ್ನು ಉಳಿಯಿಂದ ಕೆರೆದು ಹಾಕಿದ್ದಾರೆ. ಪಕ್ಕದ ಎಲೆ, ಹೂವು, ಬಳ್ಳಿಗಳು ಹಾಗೇ ಇವೆ. ಸಿಟ್ಟಿನಿಂದ ಒಡೆದದ್ದಲ್ಲ, ನೋಡಿಕೊಂಡು ಕೆರೆದದ್ದು.

ಹೊರದೇಶದ ಸಭಾಮಂದಿರಗಳಲ್ಲಿ ಧೈರ್ಯ ಇನ್ನೂ ಜಾಸ್ತಿ. 1962ರಲ್ಲಿ ಸಾರ್ದಿಸ್‌ನಲ್ಲಿ ಸಿಕ್ಕಿದ ದೊಡ್ಡ ಸಭಾಮಂದಿರದಲ್ಲಿ ಅಮೃತಶಿಲೆಯ ಭಾರಿ ಮೇಜಿದೆ. ಅದರ ಎರಡು ಆಧಾರಗಳ ಮೇಲೆ ಉಗುರಿನಲ್ಲಿ ಸಿಡಿಲು ಹಿಡಿದ ಹದ್ದುಗಳಿವೆ. ಅದು ರೋಮನರ ಗುರುತು. ಪಕ್ಕದಲ್ಲಿ ಜೋಡಿ ಸಿಂಹಗಳಿದ್ದವು, ಅವು ಅದಕ್ಕಿಂತ ಎಷ್ಟೋ ಶತಮಾನ ಹಳೆಯ, ಆ ನಾಡಿನ ಲಿದಿಯ ರಾಜ್ಯದ ಕಾಲದವು. ಎರಡನ್ನೂ ಬೇರೆ ಕಟ್ಟಡಗಳಿಂದ ತಂದು ಇಲ್ಲಿ ಮರುಬಳಕೆ ಮಾಡಿದ್ದಾರೆ. ಆ ಮೇಜಿನ ಮೇಲೆ ತೋರಾ ಓದುತ್ತಿದ್ದರು ಅಂತ ಹೆಚ್ಚಿನವರ ಅಭಿಪ್ರಾಯ. ರೋಮನ್ ಹದ್ದು ಸುರುಳಿಯನ್ನು ಹೊತ್ತು ನಿಂತಿತು! ಸಾರ್ದಿಸ್‌ನ ಯೆಹೂದ್ಯರಿಗೆ ಅದರಲ್ಲಿ ಮುಜುಗರ ಕಂಡಿಲ್ಲ. ಅವರು ಆ ಊರಿನ ಪ್ರತಿಷ್ಠಿತರು, ಊರಿನ ಹಳೆಯ ಶಿಲ್ಪ ತಮ್ಮದೂ ಹೌದು ಅನ್ನುವ ಭಾವನೆ ಇದ್ದಂತಿದೆ.

6ನೇ ಶತಮಾನದ ಹೊತ್ತಿಗೆ ಅಮೃತಶಿಲೆಯ ತಡೆಫಲಕಗಳು ಬರುತ್ತವೆ. ಪೆಟ್ಟಿಗೆ ಇದ್ದ ಕಟ್ಟೆಯ ಮುಂದೆ ಬೇಲಿಯ ಹಾಗೆ ನಿಲ್ಲಿಸುವ ಹಲಗೆಗಳು. ಹಮ್ಮತ್ ಗಾದೇರ್, ಸುಸಿಯಾ, ಅಷ್ಕೆಲೋನ್ ಕಡೆ ಸಿಕ್ಕಿವೆ. ಹೂಮಾಲೆಯ ನಡುವೆ ಮೆನೋರಾ ಇರುತ್ತದೆ. ಅದೇ ಕಾಲದ ಚರ್ಚುಗಳ ಫಲಕಗಳಲ್ಲಿ ಅದೇ ಹೂಮಾಲೆಯ ನಡುವೆ ಶಿಲುಬೆ. ಆ ನಾಡಿನಲ್ಲಿ ಅಮೃತಶಿಲೆ ಸಿಗುವುದಿಲ್ಲ, ಸಮುದ್ರ ದಾಟಿ ಬರಬೇಕು. ಒಂದೇ ಕಾರ್ಯಾಗಾರ ಎರಡೂ ಕಡೆಯ ಗಿರಾಕಿಗಳಿಗೆ ಮಾಡಿಕೊಟ್ಟಿರಬಹುದು.

ಒಂದು ಎಚ್ಚರಿಕೆ. ಕಲ್ಲಿನ ವಯಸ್ಸನ್ನು ಕಲ್ಲೇ ಹೇಳುವುದಿಲ್ಲ. ಅದರ ಕೆಳಗಿನ ಮಣ್ಣು, ಮಡಿಕೆಯ ಚೂರು, ನಾಣ್ಯ ಹೇಳುತ್ತವೆ. ಕಪೆರ್ನೌಮಿನ ಬಿಳಿ ಸಭಾಮಂದಿರವನ್ನು ಕೆತ್ತನೆಯ ಶೈಲಿ ನೋಡಿ 2 ಅಥವಾ 3ನೇ ಶತಮಾನದ್ದು ಅನ್ನುತ್ತಿದ್ದರು. ಫ್ರಾನ್ಸಿಸ್ಕನ್ ಪುರಾತತ್ವಜ್ಞರಾದ ಕೊರ್ಬೊ ಮತ್ತು ಲೊಫ್ರೆದಾ ನೆಲದ ಕೆಳಗೆ ಅಗೆದಾಗ ಸಾವಿರಾರು ನಾಣ್ಯ ಸಿಕ್ಕವು. ಅವುಗಳಿಂದ ಕಟ್ಟಡ 4ನೇ ಶತಮಾನದ ಕೊನೆ, 5ನೇ ಶತಮಾನಕ್ಕೆ ಬಂತು. ಅಪರೂಪಕ್ಕೆ ಕಲ್ಲಿನ ಮೇಲೇ ತಾರೀಕು ಇರುತ್ತದೆ. ನಬ್ರತೈನ್ ಬಾಗಿಲ ಮೇಲಿನ ತೊಲೆಗಲ್ಲಿನಲ್ಲಿ "ದೇವಾಲಯ ನಾಶವಾಗಿ 494ನೇ ವರ್ಷ" ಅಂತ ಬರೆದಿದೆ. ಅಂದರೆ ಕ್ರಿ.ಶ. 564. ಕಟ್ಟಡ ಹೊಸದು ಮಾಡಿದಾಗಲೂ ವರ್ಷ ಎಣಿಸಿದ್ದು ಆ ನಷ್ಟದಿಂದಲೇ.

ನಿಮಗೆ ಮತ್ತೆ ರಜೆ ಸಿಕ್ಕಿದರೆ ಎರಡು ಕಡೆ ಹೋಗಿ. ಮೊದಲನೆಯದು ಗೋಲಾನ್‌ನ ಉಮ್ಮ್ ಎಲ್-ಕನಾತಿರ್, ಹೀಬ್ರೂವಿನಲ್ಲಿ ಐನ್ ಕೆಶತೋತ್. ಕ್ರಿ.ಶ. 749ರ ಭೂಕಂಪದಲ್ಲಿ ಅಲ್ಲಿನ ಸಭಾಮಂದಿರ ಕುಸಿಯಿತು. ಬಿದ್ದ ಕಲ್ಲುಗಳು ಬಿದ್ದಲ್ಲೇ ಉಳಿದವು. 2003ರಿಂದ ಒಂದೊಂದೇ ಕಲ್ಲನ್ನು ಲೇಸರಿನಲ್ಲಿ ಅಳೆದು, ಅದರೊಳಗೆ ಗುರುತಿನ ಚಿಪ್ ಇಟ್ಟು, ಕಂಪ್ಯೂಟರಿನಲ್ಲಿ ಹೊಂದಿಸಿ ಮತ್ತೆ ನಿಲ್ಲಿಸಿದ್ದಾರೆ. ಸುರುಳಿಯ ಗೂಡು ಬಸಾಲ್ಟ್ ಕಂಬಗಳ ಸಮೇತ ತನ್ನ ಜಾಗದಲ್ಲೇ ನಿಂತಿದೆ. ಕಟ್ಟೆ ಹತ್ತುವ ಮೆಟ್ಟಿಲು ಎಲ್ಲಿ, ಜನ ಎಲ್ಲಿ ಕೂರುತ್ತಿದ್ದರು, ಓದುವವನ ದನಿ ಎಲ್ಲಿಂದ ಬರುತ್ತಿತ್ತು ಅನ್ನುವುದು ಬಿಡಿ ಕಲ್ಲುಗಳಿಗಿಂತ ಅಲ್ಲಿ ಬೇಗ ಅರ್ಥವಾಗುತ್ತದೆ.

ಎರಡನೆಯದು ಇಸ್ರೇಲ್ ಮ್ಯೂಸಿಯಂ. ಖೊರಾಜಿನ್‌ನ ಮೂಲ ಕುರ್ಚಿ, ಹಮ್ಮತ್ ತಿಬೇರಿಯಾದ ಮೆನೋರಾ ಎರಡೂ ಅಲ್ಲಿನ ಸಂಗ್ರಹದಲ್ಲಿವೆ. ಕೊಚ್ಚಿಯ ಕಡವುಂಭಾಗಂ ಸಭಾಮಂದಿರದ ಮರದ ಒಳಾಂಗಣವನ್ನೂ ಅಲ್ಲಿಗೆ ಒಯ್ದು ಜೋಡಿಸಿದ್ದಾರೆ. ನಮ್ಮ ಕಡೆಯವರಿಗೆ ಆ ಮರದ ಕೆಲಸ ಪರಿಚಯದ್ದೇ ಅನಿಸುತ್ತದೆ. ಮೆನೋರಾದ ಎದುರು ನಿಂತಾಗ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಮೇಲಿನಿಂದ ನೋಡಲು ಪ್ರಯತ್ನಿಸಿ. ಪುಸ್ತಕಗಳಲ್ಲಿ ಬರುವ ಫೋಟೋಗಳು ಹೆಚ್ಚಾಗಿ ಎದುರಿನಿಂದ ತೆಗೆದವು, ಹಣತೆ ಕೂರಿಸುವ ಆ ಏಳು ತೋಡುಗಳು ಅವುಗಳಲ್ಲಿ ಸರಿಯಾಗಿ ಕಾಣುವುದಿಲ್ಲ.